ಮೂರನೆಯ ಕ್ವಾಡ್

ಮಾರ್ಚ್ ಹದಿನಾರು, ಸೋಮವಾರ. ಸಾರ್ಜೆಂಟ್ ನೈರಿ ಟಿಪೋಕಿ ಬೆಳಿಗ್ಗೆ ಎಂಟೂವರೆಗೆ ಒಟೆಕೋರಾ ಠಾಣೆಯ ಬೀಗ ತೆಗೆಯಲು ಬಂದಾಗ ಗ್ವೆಂಡಾ ಕ್ರೋಲ್ ಆಗಲೇ ಮೆಟ್ಟಿಲ ಮೇಲೆ ನಿಂತಿದ್ದಳು. ಎರಡು ರಾತ್ರಿ ಆಸ್ಪತ್ರೆಯ ಕುರ್ಚಿಯಲ್ಲಿ ಕಳೆದ ಮುಖ, ಬಾಚದ ಕೂದಲು. ಮಾತಿನಲ್ಲಿ ಮಾತ್ರ ಆಯಾಸ ಇರಲಿಲ್ಲ.

"ದೂರು ಬರ್ಕೊಳ್ಳಿ. ನನ್ನ ಗಂಡನ್ನ ಕೊಲ್ಲೋಕೆ ನೋಡಿದಾರೆ."

ನೈರಿ ಆಕೆಯನ್ನು ಒಳಗೆ ಕರೆದು ಕೂರಿಸಿದಳು. ಶನಿವಾರದ ಘಟನೆ ಠಾಣೆಗೆ ಹೊಸದಲ್ಲ. ಗುಡ್ಡಗಾಡು ರೈತರ ಕ್ಲಬ್ಬು ಕೇರ್ನ್ ಇಳಿಜಾರಿನಲ್ಲಿ ದೊಡ್ಡ ಎಂಜಿನ್ನಿನ ಮೂರು ಕ್ವಾಡ್‌ಗಳನ್ನು ಹತ್ತಿಸಿ, ಇಳಿಸಿ, ಯಾವುದರ ಬಲ ಎಲ್ಲಿ, ಯಾವುದರ ಕೊರತೆ ಎಲ್ಲಿ ಎಂದು ಹೋಲಿಸಿ ನೋಡುವ ದಿನ ಇಟ್ಟುಕೊಂಡಿತ್ತು. ಕುರಿಮಂದೆಯ ಹಿಂದೆ ದಿನವಿಡೀ ಗುಡ್ಡ ಅಲೆಯುವ ಆ ಸೀಮೆಯ ಜನಕ್ಕೆ ಈ ನಾಲ್ಕು ಚಕ್ರದ ಬೈಕೇ ಕುದುರೆ, ಎತ್ತು ಎಲ್ಲ. ಯಾವುದು ಒಳ್ಳೆಯದು ಎಂಬ ವಾದದಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಅವತ್ತು ಊಟದ ನಂತರ ಮೂರನೆಯ ಕ್ವಾಡನ್ನು ಇಳಿಸುತ್ತಿದ್ದ ಕ್ವಾಡ್ ವ್ಯಾಪಾರಿ, ಗ್ವೆಂಡಾಳ ಗಂಡ ಲೆಸ್ಟರ್ ಕ್ರೋಲ್ ಗಾಡಿ ಸಮೇತ ಉರುಳಿ ಕೊರಕಲಿನ ಮುಳ್ಳುಕಂಟಿಗೆ ಬಿದ್ದಿದ್ದ. ಹೆಲಿಕಾಪ್ಟರ್ ಬಂದು ಡುನೀಡಿನ್ ಆಸ್ಪತ್ರೆಗೆ ಒಯ್ದಿತ್ತು. ನೈರಿ ಅದನ್ನು ಆಕಸ್ಮಿಕ ಎಂದೇ ದಾಖಲಿಸಿದ್ದಳು.

"ಯಾರ ಮೇಲೆ ಅನುಮಾನ?"

"ಬೆವನ್ ಟಕ್. ಇನ್ಯಾರು? ಎದುರಂಗಡಿ ಇಟ್ಕೊಂಡು ಹದಿನೈದು ವರ್ಷದಿಂದ ನಮ್ಮ ಮೇಲೆ ಹಲ್ಲು ಮಸೀತಿದಾನೆ."

"ನೋಡಿದೋರು ಯಾರಾದ್ರೂ?"

"ಇಂಥ ಕೆಲಸ ನಾಲ್ಕು ಜನರ ಮುಂದೆ ಮಾಡ್ತಾರಾ?"

"ಲೆಸ್ಟರ್ ಏನಂದ್ರು?"

"ಆಪರೇಷನ್ ಆಗಿ ಕಣ್ಣು ಬಿಟ್ಟವನು ಆಡಿದ ಮೊದಲ ಮಾತೇ ಅದು. 'ಗಾಡಿ ಕೈಬಿಡ್ತು ಗ್ವೆಂಡಾ, ಅದಕ್ಕೆ ಯಾರೋ ಏನೋ ಮಾಡಿದಾರೆ' ಅಂತ. ಸೊಂಟದ ಮೂಳೆ ಪುಡಿಯಾಗಿದೆ. ಇನ್ಮೇಲೆ ಕೋಲಿಲ್ಲದೆ ನಡಿಯಲ್ಲ ಅಂದ್ರು ಡಾಕ್ಟ್ರು."

"ಆ ಮೂರನೇ ಗಾಡಿ, ನೀಲೀದು, ಯಾರದು?"

"ಟಕ್‌ದೇ ಇರ್ಬೇಕು. ನಮ್ಮದಂತೂ ಅಲ್ಲ."

ದೂರಿಗೆ ಸಹಿ ಹಾಕಿ ಪೆನ್ನನ್ನು ಮೇಜಿಗೆ ಕುಕ್ಕಿದಳು. "ಮಾಡಿದೋನು ಜೈಲಲ್ಲಿ ಕೊಳೀಬೇಕು ಸಾರ್ಜೆಂಟ್. ನಾನು ಬದುಕಿರೋವಾಗ್ಲೇ ಅದನ್ನ ನೋಡ್ಬೇಕು."

ಹನ್ನೊಂದು ಗಂಟೆಗೆ ನೈರಿ ಮತ್ತು ಕಾನ್‌ಸ್ಟೇಬಲ್ ಟೆವಿತಾ ಫಿಫಿಟಾ ಕೇರ್ನ್ ಇಳಿಜಾರಿನಲ್ಲಿದ್ದರು. ನೈರಿ ಉತ್ತರ ದ್ವೀಪದಿಂದ ವರ್ಗವಾಗಿ ಬಂದು ವರ್ಷ ತುಂಬಿತ್ತು. ಟೆವಿತಾ ಇಲ್ಲಿ ಆರು ವರ್ಷದಿಂದ ಇದ್ದ. ಜೋರು ಗಾಳಿ. ಒಣಗಿದ ಬಂಗಾರದ ಬಣ್ಣದ ಹುಲ್ಲಿನ ಮೇಲೆ ಟೈರು ಜಾರಿದ ಗುರುತು ಮೇಲಿನಿಂದ ಕೊರಕಲಿನ ತನಕ ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲು ನೆಟ್ಟಗೆ, ಆಮೇಲೆ ಓರೆ, ಆಮೇಲೆ ಗುರುತೇ ಇಲ್ಲ. ಅಲ್ಲಿಂದ ಗಾಡಿ ಉರುಳಿದೆ.

ಟೆವಿತಾ ಆ ಕೊರಕಲನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತ ನಿಂತ.

"ಏನಾಯ್ತು?"

"ಏನಿಲ್ಲ ಸಾರ್ಜ್. ಇದೇ ಜಾಗದಲ್ಲಿ ಹಿಂದೊಂದು ಸಾವಾಗಿತ್ತು. ಅದು ನೆನಪಾಯ್ತು."

ಪಕ್ಕದ ಹೊಲದ ಇಬ್ಬರನ್ನು ಪಂಚರನ್ನಾಗಿ ನಿಲ್ಲಿಸಿಕೊಂಡು ಸ್ಥಳ ಪಂಚನಾಮೆ ಮಾಡಿದರು. ಕ್ವಾಡ್ ಕಂಟಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ಬ್ರೇಕಿನ ಪೈಪು ಎಲ್ಲೂ ಕೊಯ್ದಿರಲಿಲ್ಲ, ಎಣ್ಣೆ ತುಂಬಿತ್ತು, ಟೈರುಗಳಲ್ಲಿ ಗಾಳಿ ಸರಿಯಿತ್ತು. ಸೀಟಿನ ಹಿಂದೆ ಕೂರಿಸಿದ್ದ ಉಕ್ಕಿನ ರಕ್ಷಣಾ ಕಮಾನು ಬಾಗಿತ್ತು. ಸವಾರನ ಮೇಲೆ ಗಾಡಿ ಪೂರ್ತಿ ಕೂರದಂತೆ ತಡೆದದ್ದು ಅದೇ. ಅದಿಲ್ಲದಿದ್ದರೆ ಲೆಸ್ಟರ್ ಕ್ರೋಲ್‌ನ ಎದೆಗೂಡು ಅಪ್ಪಚ್ಚಿಯಾಗುತ್ತಿತ್ತು.

ಹೇಳಿಕಳಿಸಿದ್ದಕ್ಕೆ ಬೆವನ್ ಟಕ್ ತನ್ನ ಪಿಕಪ್ಪಿನಲ್ಲಿ ಬಂದ. ಕೆಂಪು ಮೂಗಿನ, ದಪ್ಪ ಕುತ್ತಿಗೆಯ ಐವತ್ತರ ಆಸಾಮಿ.

"ಶನಿವಾರ ಬೆಳಿಗ್ಗೆ ಈ ನೀಲಿ ಗಾಡಿ ಮುಟ್ಟಿದ್ರಾ?"

"ಮುಟ್ಟಿದ್ದೆ. ಸೀಟಿನ ಮೇಲೆ ಟೀ ಲೋಟ ಇಟ್ಟಿದ್ದೆ."

"ತಮಾಷೆ ಬೇಡ."

"ತಮಾಷೆ ಅಲ್ಲ, ಮುಟ್ಟಿದ್ದೇ ಅಷ್ಟು. ಲೆಸ್ಟರ್ ಬಿದ್ದಾಗ ನಂಗೆ ಅಳು ಬರ್ಲಿಲ್ಲ, ಅದನ್ನ ಬೇಕಾದ್ರೆ ಬರ್ಕೊಳ್ಳಿ. ಆದ್ರೆ ಅವನನ್ನ ಬೀಳ್ಸೋ ದರ್ದು ನಂಗೇನು? ಅವತ್ತು ನನ್ನ ಏಳ್ನೂರು ಸಿಸಿ ಗಾಡಿ ಗೆಲ್ತಿತ್ತು."

"ಅವರದು ಸಾವಿರ ಸಿಸಿ ಇತ್ತಲ್ಲ?"

ಅವನು ನಕ್ಕ. "ಹತ್ತೋವಾಗ ಅದರ ಮುಂದೆ ನಂದು ಕತ್ತೆ, ಒಪ್ಪಿದೆ. ಎರಡು ಸಿಲಿಂಡರು, ಒಂದೊಂದು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ನು, ಸ್ಟೀರಿಂಗು ಬೆಣ್ಣೆ ಇದ್ದ ಹಾಗೆ. ಟ್ರೈಲರ್ ತುಂಬ ಕುರಿ ಹೇರಿದ್ರೂ ಏದುಸಿರು ಬಿಡಲ್ಲ. ಆದ್ರೆ ನಾನೂರು ಕೆಜಿ ಕಣ್ರೀ. ಗುಡ್ಡದ ಓರೆಯಲ್ಲಿ ಅಡ್ಡ ಹೋದ್ರೆ ಮೈ ವಾಲುತ್ತೆ. ತೊಡೆಗೆ ಎಂಜಿನ್ ಬಿಸಿ ಹೊಡಿಯುತ್ತೆ. ಭಾರ ಎಳ್ಕೊಂಡು ನಿಧಾನಕ್ಕೆ ತೆವಳಿದ್ರೆ ಬೆಲ್ಟು ಸುಟ್ಟ ವಾಸ್ನೆ. ಮಗುಚಿಕೊಂಡ್ರಂತೂ ಇಬ್ಬರು ಗಂಡಸರ ಕೈಲೂ ಎತ್ತೋಕಾಗಲ್ಲ. ನಂದು ಒಂಟಿ ಸಿಲಿಂಡರು. ಹತ್ತೋವಾಗ ಮುದುಕನ ಹಾಗೆ ಗೊಣಗುತ್ತೆ, ಸೀಟು ಹಲಗೆ. ಇಳಿಯೋವಾಗ ಮಾತ್ರ ಆಕ್ಸಿಲರೇಟರ್ ಬಿಟ್ರೆ ಸಾಕು, ಯಾರೋ ಹಿಂದಿನಿಂದ ಸೊಂಟ ಹಿಡಿದ ಹಾಗೆ ಎಂಜಿನ್ನೇ ಗಾಡೀನ ಹಿಡ್ಕೊಳ್ಳುತ್ತೆ. ಈ ಗುಡ್ಡಗಳಲ್ಲಿ ಹತ್ತೋವಾಗ ಸತ್ತೋರು ಕಡಿಮೆ ಸಾರ್ಜೆಂಟ್. ಇಳಿಯೋವಾಗ ಸಾಯ್ತಾರೆ."

"ಈ ನೀಲೀದು?"

"ಲೆಸ್ಟರ್ ಮಾರೋ ಕಂಪನೀದೇ ಹಳೇ ಮಾಡೆಲ್ಲು, ಎಂಟುನೂರೈವತ್ತು. ನಿಜ ಹೇಳ್ಬೇಕಂದ್ರೆ ಮೂರರಲ್ಲಿ ಮೈಕಟ್ಟು ಅದರದೇ ಚೆನ್ನ. ಶಕ್ತಿ ಬೇಕಾದಷ್ಟಿದೆ, ಭಾರ ವಿಪರೀತ ಇಲ್ಲ. ಎಂಜಿನ್ ಹಿಡಿತ ಸರಿ ಇದ್ರೆ."

"ಇಲ್ದಿದ್ರೆ?"

"ಇಳಿಜಾರಲ್ಲಿ ಗಾಡಿ ಹಠಾತ್ತನೆ ಸಡಿಲ ಆಗುತ್ತೆ, ಬಂಡೆ ಉರುಳಿದ ಹಾಗೆ. ಗಾಬರೀಲಿ ಬ್ರೇಕ್ ಒತ್ತುತೀರ, ಚಕ್ರ ಕಚ್ಕೊಳ್ಳುತ್ತೆ, ಹುಲ್ಲಿನ ಮೇಲೆ ಜಾರಿ ಅಡ್ಡ ತಿರುಗುತ್ತೆ. ಆಮೇಲೆ ದೇವರೇ ಗತಿ." ಅವನು ಜಾರಿದ ಗುರುತಿನ ಕಡೆ ಗದ್ದ ತೋರಿಸಿದ. "ಬರೆದಿಟ್ಟ ಹಾಗೆ ಕಾಣ್ತಿಲ್ವಾ?"

"ಯಾರದು ಈ ಗಾಡಿ?"

"ಲೆಸ್ಟರ್‌ದಲ್ವಾ? ನಾನು ಹಾಗೇ ಅಂದ್ಕೊಂಡಿದ್ದೆ."

ನೈರಿ ಟೆವಿತಾನ ಮುಖ ನೋಡಿದಳು. ಮೂರು ಗಾಡಿ ಸಾಲಾಗಿ ನಿಂತಿದ್ದವು, ನೂರಾರು ಜನ ನೋಡಿದ್ದರು, ಮೂರನೆಯದಕ್ಕೆ ಒಡೆಯನೇ ಇಲ್ಲ.

"ಅದನ್ನ ಸಾಲಿಗೆ ಸೇರಿಸಿದೋರು ಯಾರು?"

"ಏರ್ಪಾಡೆಲ್ಲ ಮಹಿಳಾ ಸಮಿತೀದು. ಐಲ್ಸಾ ಡೋವಿ ಮೈಕ್ ಹಿಡ್ಕೊಂಡಿದ್ಲು. ಬೆಳಿಗ್ಗೆ ಮೂರೂ ಗಾಡಿ ಎರಡೆರಡು ಸಲ ಹತ್ತಿ ಇಳಿದ್ವು, ಏನೂ ಆಗ್ಲಿಲ್ಲ. ಊಟ ಆದ್ಮೇಲೆ ಹಿಂದಿನ ಟ್ಯಾಂಕಿಗೆ ನೀರು ತುಂಬ್ಕೊಂಡು ಗುಡ್ಡಾನ ಒಂದು ಸುತ್ತು ಹೊಡೆದು ಬಂದು ಇಳೀಬೇಕು ಅಂತ ಆಯ್ತು. ಆಗ ಐಲ್ಸಾ ಮೈಕಲ್ಲೇ ಕೇಳಿದ್ಲು. 'ಲೆಸ್ಟರ್, ಈ ಹಳೇದು ಇಳಿಜಾರಲ್ಲಿ ಕೈಬಿಡಲ್ಲ ತಾನೆ?' ಅಂತ. ಇವನು ಟೈರಿಗೆ ಎರಡು ಸಲ ಒದ್ದು, 'ಈ ಮಾಡೆಲ್ಲಲ್ಲಿ ಆ ದೋಷ ಹುಟ್ಟೇ ಇಲ್ಲ, ನಮ್ಮಮ್ಮನ್ನ ಹಿಂದೆ ಕೂರಿಸ್ಕೊಂಡು ಇಳಿಸ್ತೀನಿ' ಅಂದ. ಜನ ಎಲ್ಲ ನಕ್ರು."

ಗಾಡಿಯನ್ನು ಲಾರಿಗೆ ಹೇರಿಸಿ ಒಮಾರು ಪಟ್ಟಣದ ಪೊಲೀಸ್ ವಾಹನ ಪರೀಕ್ಷಾ ಶೆಡ್ಡಿಗೆ ಕಳಿಸಿದರು. ಪರೀಕ್ಷಕ ಸ್ಮೇಲ್ ಮಂಗಳವಾರ ಅದನ್ನು ತಿರುಗುವ ಉರುಳೆಗಳ ಮೇಲೆ ನಿಲ್ಲಿಸಿ ಕಟ್ಟಿ ಚಾಲೂ ಮಾಡಿದ. ಹ್ಯಾಂಡಲ್ ಸೊಟ್ಟಗಾಗಿತ್ತು, ಎಂಜಿನ್ನಿಗೆ ಏನೂ ಆಗಿರಲಿಲ್ಲ. ವೇಗ ಏರಿಸಿ ಆಕ್ಸಿಲರೇಟರ್ ಬಿಟ್ಟ. ಚಕ್ರಗಳು ಶಿಸ್ತಾಗಿ ನಿಧಾನವಾದವು. ಮತ್ತೆ ಮತ್ತೆ ಮಾಡಿದರೂ ಹಾಗೇ.

"ಹಿಡಿತ ಸರಿಯಾಗೇ ಇದೆ" ಎಂದ.

"ಬೆಳಿಗ್ಗೆ ಎರಡು ಸಲ ಅವರಿಗೂ ಸರಿಯಾಗೇ ಇತ್ತು" ಎಂದಳು ನೈರಿ. "ಬಿಟ್ಟಿದ್ದು ಊಟ ಆದ್ಮೇಲೆ. ಭಾರ ಹಾಕಿ ಓಡಿಸಿ. ಚೆನ್ನಾಗಿ ಬಿಸಿ ಏರ್ಲಿ."

ಮುಕ್ಕಾಲು ಗಂಟೆ ಓಡಿತು. ಶೆಡ್ಡಿನಲ್ಲಿ ಕಾದ ರಬ್ಬರಿನ ವಾಸನೆ. ಸ್ಮೇಲ್ ಮತ್ತೆ ಆಕ್ಸಿಲರೇಟರ್ ಬಿಟ್ಟ. ಒಳಗೆಲ್ಲೋ ಕಟಕ್ ಎಂದಿತು. ಎಂಜಿನ್ ಮೌನಕ್ಕಿಳಿಯಿತು, ಚಕ್ರಗಳು ಮಾತ್ರ ಹುಚ್ಚು ಹಿಡಿದಂತೆ ತಿರುಗುತ್ತಲೇ ಇದ್ದವು.

ಬಿಚ್ಚಿ ನೋಡಿದಾಗ, ಇಳಿಯುವ ಗಾಡಿಯನ್ನು ಎಂಜಿನ್ನಿಗೆ ಬಿಗಿಯುವ ಬೇರಿಂಗು ಸವೆದು ನೀಲಿಗಟ್ಟಿತ್ತು. ತಣ್ಣಗಿದ್ದಾಗ ಕಚ್ಚಿಕೊಳ್ಳುತ್ತದೆ, ಕಾದರೆ ಜಾರುತ್ತದೆ.

"ಯಾರಾದ್ರೂ ಕೈಯಾಡ್ಸಿದಾರಾ?"

"ಇಲ್ಲ. ಬೋಲ್ಟುಗಳ ಮೇಲೆ ವರ್ಷಗಟ್ಟಲೆ ಮಣ್ಣು. ಇದು ಹಳೇ ಸವಕಳಿ. ಯಾರೂ ಏನೂ ಮಾಡಿಲ್ಲ ಸಾರ್ಜೆಂಟ್, ರಿಪೇರಿ ಕೂಡ."

ಅಲ್ಲಿಗೆ ಕೇಸು ಮುಗಿಯಬಹುದಿತ್ತು. ಮುಚ್ಚುವ ಮೊದಲು ಅಡಿಭಾಗದ ಫೋಟೊ ತೆಗೆದುಕೊಳ್ಳೋಣ ಎಂದು ಟೆವಿತಾ ಗಾಡಿಯನ್ನು ಮೇಲೆತ್ತಿಸಿದ. ಹೊಟ್ಟೆಯ ಕೆಳಗಿನ ಅಲ್ಯೂಮಿನಿಯಂ ತಗಡನ್ನು ಬಟ್ಟೆಯಿಂದ ಒರೆಸಿದವನು ಹಾಗೇ ನಿಂತುಬಿಟ್ಟ. ಮೊಳೆಯಿಂದ ಗೀಚಿದ ಅಕ್ಷರಗಳು. ಪ್ಲಮ್. ಫಿಗ್. ಕ್ವಿನ್ಸ್. ಲೈಮ್.

"ಹಣ್ಣಿನ ಹೆಸರುಗಳು" ಎಂದ ಸ್ಮೇಲ್.

"ನಾಯಿಗಳ ಹೆಸರು" ಎಂದ ಟೆವಿತಾ. "ಬ್ರಾಯರ್ ಡೋವಿಯ ನಾಯಿಗಳು. ಐಲ್ಸಾಳ ಮಗಳು ಸಾರ್ಜ್. ಎರಡು ವರ್ಷದ ಹಿಂದೆ ಆ ಕೊರಕಲಲ್ಲಿ ಸತ್ತಳಲ್ಲ, ಅವಳು. ನಾನು ಹೋದಾಗ ನಾಲ್ಕೂ ನಾಯಿ ಅವಳ ಸುತ್ತ ಮಲಗಿದ್ವು. ನಂಗೆ ಹತ್ತಿರ ಹೋಗೋಕೆ ಬಿಡ್ಲಿಲ್ಲ. ಐಲ್ಸಾ ಬಂದು ಒಂದೊಂದನ್ನೇ ಹೆಸರು ಹಿಡಿದು ಕರೆದು ಎಬ್ಬಿಸಿದ್ಲು."

"ಆ ಗಾಡಿ ಯಾವ ಬಣ್ಣದ್ದು?"

"ಕೆಂಪು. ಎಂಟುನೂರೈವತ್ತು."

ನೀಲಿ ಹೊದಿಕೆಯ ತಿರುಪು ಬಿಚ್ಚಿದರೆ ಮೂಲೆಯಲ್ಲಿ ಹಸಿರಿನ ಚೂರು, ಚೌಕಟ್ಟಿನ ಸಂದಿಯಲ್ಲಿ ಕೆಂಪಿನ ಚೂರು. ಚಾಸಿಸ್ ನಂಬರೂ ಹಳೆಯ ಕೇಸಿನ ಕಡತಕ್ಕೆ ತಾಳೆಯಾಯಿತು. ಮಗಳನ್ನು ಕೊಂದ ಅದೇ ಗಾಡಿ ಎರಡು ಸಲ ವೇಷ ಬದಲಿಸಿ ಅದೇ ಇಳಿಜಾರಿಗೆ ಮರಳಿ ಬಂದಿತ್ತು.

ಠಾಣೆಗೆ ಹಿಂತಿರುಗುವ ದಾರಿಯಲ್ಲಿ ಟೆವಿತಾ ಹಳೆಯ ಕೇಸಿನ ವಿವರ ಹೇಳಿದ. ಬ್ರಾಯರ್‌ಗೆ ಇಪ್ಪತ್ನಾಲ್ಕು, ಮಂದೆ ಅಟ್ಟುವ ಕೆಲಸ. ಗಾಡಿ ಬಿಸಿಯಾದಾಗ ಇಳಿಜಾರಿನಲ್ಲಿ ಕೈಬಿಡುತ್ತದೆ ಎಂದು ಲೆಸ್ಟರ್‌ನ ಅಂಗಡಿಗೆ ಎರಡು ಸಲ ಹೋಗಿ ಹೇಳಿದ್ದಳೆಂದು ತಾಯಿ ಹೇಳಿದ್ದಳು. ಸಾವಿನ ವಿಚಾರಣೆಯಲ್ಲಿ ಲೆಸ್ಟರ್ ಪ್ರಮಾಣ ಮಾಡಿ ಹೇಳಿದ್ದೇ ಬೇರೆ. ಹುಡುಗಿ ಅಂಗಡಿಗೆ ಬಂದೇ ಇಲ್ಲ. ಗಾಡಿ ಪರೀಕ್ಷಿಸಿದೆ, ಲವಲೇಶ ದೋಷವಿಲ್ಲ. ಐವತ್ತು ಕೆಜಿ ತೂಕದವಳಿಗೆ ಅಷ್ಟು ದೊಡ್ಡ ಎಂಜಿನ್ ಹೇಳಿದ್ದಲ್ಲ. ಅವಸರದವಳು, ಒರಟಾಗಿ ಓಡಿಸುತ್ತಿದ್ದಳು ಎಂದು ಎಲ್ಲರಿಗೂ ಗೊತ್ತಿತ್ತು. ತೀರ್ಪಿನಲ್ಲಿ ಹಾಗೇ ಬಂತು: ಸವಾರಳ ಅಜಾಗರೂಕತೆ. ಆಮೇಲೆ ಗಾಡಿ ಲೆಸ್ಟರ್‌ನ ಅಂಗಡಿಗೇ ವಾಪಸ್ ಹೋಗಿತ್ತು.

"ಅವಳು ಒರಟಾ?" ನೈರಿ ಕೇಳಿದಳು.

"ಕುಂಟ ಕುರೀನ ಮುಂದೆ ಕೂರಿಸ್ಕೊಂಡು ಮಗು ಕರ್ಕೊಂಡು ಬಂದ ಹಾಗೆ ಬರೋಳು ಸಾರ್ಜ್."

ಬುಧವಾರ ಬೆಳಿಗ್ಗೆ ಇಬ್ಬರೂ ಡುನೀಡಿನ್ ಆಸ್ಪತ್ರೆಗೆ ಹೋದರು. ರೋಗಿ ಪೂರ್ಣ ಎಚ್ಚರದಲ್ಲಿದ್ದಾನೆ, ಹೇಳಿಕೆ ಕೊಡಬಲ್ಲ ಎಂದು ವೈದ್ಯರು ಬರೆದುಕೊಟ್ಟರು. ನೈರಿ ಹಕ್ಕುಗಳನ್ನು ಓದಿ ಹೇಳಿದಳು. ಲೆಸ್ಟರ್ ಕೈ ಬೀಸಿ ತಳ್ಳಿಹಾಕಿದ. ಅರವತ್ತರ ಗಟ್ಟಿ ಆಳು. ಸೊಂಟದ ಸುತ್ತ ಕಬ್ಬಿಣದ ಚೌಕಟ್ಟು ಕಟ್ಟಿದ್ದರೂ ಗತ್ತು ಇಳಿದಿರಲಿಲ್ಲ. ಪಕ್ಕದಲ್ಲಿ ಗ್ವೆಂಡಾ.

"ಏನಾಯ್ತು ಹೇಳಿ."

"ಅರ್ಧ ಇಳಿಜಾರು ಇಳಿದಿದ್ದೆ. ಕಟಕ್ ಅಂತು, ಹಿಡಿತ ಹೋಯ್ತು."

"ನಿಮ್ಮ ಕೈ ತಪ್ಪಿರಬಹುದಾ?"

"ನಂದಾ?" ಅವನ ಕತ್ತಿನ ನರ ಉಬ್ಬಿತು. "ಮೂವತ್ತು ವರ್ಷದಿಂದ ಓಡಿಸ್ತಿದೀನಿ. ಅಂಥ ಗಾಡಿ ಮೇಲೆ ಎಂಥ ಸವಾರ ಕೂತಿದ್ರೂ ಬೀಳೋನೇ. ಆ ಬೇರಿಂಗ್ ಕಾದಾಗ ಜಾರಿದ್ರೆ ಮೇಲೆ ಕೂತೋನು ಯಾರಾದ್ರೂ ಒಂದೇ."

ನೈರಿ ಬಿಚ್ಚಿದ ಬೇರಿಂಗಿನ ಫೋಟೊ ತೋರಿಸಿದಳು. "ಹೊಸದಾಗಿ ಕೆಡಿಸಿದ್ದಾ, ಹಳೇ ದೋಷಾನಾ?"

"ಹಳೇದು. ವರ್ಷಗಳ ಸವಕಳಿ. ಈ ವಿಷಯ ಬಲ್ಲ ಕುರುಡನಿಗೂ ಗೊತ್ತಾಗುತ್ತೆ. ಗೊತ್ತಿದ್ದೂ ಅದನ್ನ ಸಾಲಿಗೆ ನಿಲ್ಲಿಸಿದಾನೆ ಅಂದ್ರೆ ಅದು ಕೊಲೆ. ಕೊಲೆ ಅಂತಾನೇ ಬರ್ಕೊಳ್ಳಿ."

ಬರೆದುಕೊಂಡದ್ದನ್ನು ಟೆವಿತಾ ಓದಿ ಹೇಳಿದ. ಲೆಸ್ಟರ್ ಸಹಿ ಹಾಕಿದ. ಆಗ ನೈರಿ ತಗಡಿನ ಫೋಟೊವನ್ನು ಹೊದಿಕೆಯ ಮೇಲಿಟ್ಟಳು.

ಅವನು ನಾಲ್ಕು ಹೆಸರನ್ನೂ ಓದಿದ. ಫೋಟೊವನ್ನು ಬೋರಲು ಹಾಕಿದ.

"ಆ ಸಹಿ ಹಾಕಿದ ಕಾಗದ ವಾಪಸ್ ಕೊಡಿ" ಎಂದ. "ಔಷಧಿ ಮಂಪರಲ್ಲಿ ಏನೇನೋ ಹೇಳಿದೆ."

"ನೀವು ಎಚ್ಚರವಾಗಿದೀರಿ ಅಂತ ಡಾಕ್ಟ್ರು ಬರ್ಕೊಟ್ಟಿದಾರೆ."

"ಏನದು ಲೆಸ್ಟರ್? ಯಾರ ಗಾಡಿ ಅದು?" ಗ್ವೆಂಡಾ ಫೋಟೊ ಎತ್ತಿಕೊಂಡಳು.

"ಡೋವಿ ಹುಡುಗೀದು. ಆ ಮುದುಕಿ ಮಾಡಿದ್ದು ಇದು. ಐಲ್ಸಾ."

"ಹಾಗಾದ್ರೆ ಅವಳನ್ನ ಹಿಡೀರಿ! ಏನು ಮುಖ ನೋಡ್ತೀರ?"

ನೈರಿ ನಿಧಾನವಾಗಿ ಹೇಳಿದಳು. "ಹಿಡೀತೀವಿ ಮಿಸೆಸ್ ಕ್ರೋಲ್. ಅದಕ್ಕೆ ಈ ಹೇಳಿಕೆ ಬೇಕು. ಗಾಡಿ ಹಳೇ ಕಾಲದಿಂದ ಕೆಟ್ಟಿತ್ತು, ಯಾರು ಕೂತಿದ್ರೂ ಬೀಳ್ತಿದ್ರು ಅಂತ ನಿಮ್ಮ ಯಜಮಾನರೇ ಹೇಳ್ಬೇಕು. ಹೇಳಿದ್ರೆ, ಎರಡು ವರ್ಷದ ಹಿಂದೆ ಪ್ರಮಾಣ ಮಾಡಿ ಹೇಳಿದ್ದು ಸುಳ್ಳು ಅಂತಾಗುತ್ತೆ."

ಗ್ವೆಂಡಾ ಗಂಡನ ಕಡೆ ತಿರುಗಿದಳು. "ಸಹಿ ಹಿಂದಕ್ಕೆ ತಗೋಬೇಡ."

"ನಾನೂ ಒಳಗೆ ಹೋಗ್ತೀನಿ ಕಣೇ."

"ನಿನ್ನ ಸೊಂಟ ಮುರಿದಿದಾಳೆ ಅವಳು! ಟೀ ಬಟ್ಟಲು ಕೈಗೆ ಕೊಟ್ಟು ಗುಡ್ಡ ಹತ್ತಿಸಿದಾಳೆ. ಸಕ್ಕರೆ ಎಷ್ಟು ಅಂತ ಕೇಳಿದ್ಲು ಲೆಸ್ಟರ್, ನಾನು ಪಕ್ಕದಲ್ಲೇ ಇದ್ದೆ." ನೈರಿಯ ಕಡೆ ನೋಡದೆಯೇ ಹೇಳಿದಳು. "ಇರ್ಲಿ ಆ ಸಹಿ. ಅವಳು ಹೋಗ್ಲಿ ಒಳಗೆ. ಯಾರ್ಯಾರು ಹೋಗ್ಬೇಕೋ ಹೋಗ್ಲಿ."

ಗುರುವಾರ ಮಧ್ಯಾಹ್ನ ಐಲ್ಸಾ ಡೋವಿಯ ಮನೆ. ಅರವತ್ತೊಂದರ ಸಣಕಲು ಹೆಂಗಸು; ನಾಯಿಗೂಡಿನ ಮುಂದೆ ಕುರಿಯ ಎಲುಬು ಹಾಕುತ್ತಿದ್ದಳು. ಉಳಿದಿದ್ದದ್ದು ಒಂದೇ ನಾಯಿ, ಪ್ಲಮ್. ಪೊಲೀಸ್ ಗಾಡಿ ಕಂಡು ಕೈ ಒರೆಸಿಕೊಂಡಳು.

"ಬನ್ನಿ. ಚೀಸ್ ಸ್ಕೋನ್ ಬನ್ನು ಬಿಸಿಯಾಗಿದೆ. ಟೆವಿತಾ, ನಿನಗೆ ಬೆಣ್ಣೆ ಜಾಸ್ತಿ ಅಲ್ವಾ?"

"ಇವತ್ತು ಬೇಡ ಐಲ್ಸಾ" ಎಂದ ಅವನು, ನೆಲ ನೋಡುತ್ತ.

ಅಡುಗೆಮನೆಯಲ್ಲಿ ನೈರಿ ರೆಕಾರ್ಡರ್ ಇಟ್ಟು ಹಕ್ಕುಗಳನ್ನು ಓದಿದಳು.

"ನೀಲಿ ಗಾಡಿ ನಿಮ್ಮದಾ?"

"ನಂದೇ."

"ಎಲ್ಲಿ ಸಿಕ್ಕಿತು?"

"ದಕ್ಷಿಣದ ಬಯಲುಸೀಮೇಲಿ. ಒಬ್ಬ ರೈತ ತೋಟ ಮಾರಿ ಸಾಮಾನೆಲ್ಲ ಹರಾಜು ಹಾಕ್ತಿದ್ದ. ನಾನು ಬೇಲಿ ತಂತಿ ಕೊಳ್ಳೋಕೆ ಹೋಗಿದ್ದೆ. ಪ್ಲಮ್ ಒಂದು ಹಸಿರು ಕ್ವಾಡಿನ ಹಿಂದೆ ಹತ್ತಿ ಮಲಗಿಬಿಟ್ಲು. ನಾಯಿಗಳು ಯಾವ ಕ್ವಾಡ್ ಕಂಡ್ರೂ ಹತ್ತುತ್ವೆ, ಅದೇನು ದೊಡ್ಡ ವಿಷಯ ಅಲ್ಲ. ಇಳಿಸೋಕೆ ಹೋದೆ, ಇಳೀಲಿಲ್ಲ. ಬ್ರಾಯರ್ ತನ್ನ ಗಾಡಿ ತಳದಲ್ಲಿ ನಾಯಿಗಳ ಹೆಸರು ಗೀಚಿದ್ದು ನಂಗೆ ಗೊತ್ತಿತ್ತು, ಬಗ್ಗಿ ನೋಡ್ದೆ."

"ಬಯಲಲ್ಲಿ ಓಡಿಸೋನಿಗೆ ದೋಷ ಗೊತ್ತಾಗಿರ್ಲಿಲ್ಲ?"

"ಹೇಗೆ ಗೊತ್ತಾಗುತ್ತೆ? ಅಲ್ಲಿ ಇಳಿಜಾರೇ ಇಲ್ಲ. ಅದಕ್ಕೇ ಲೆಸ್ಟರ್ ಅಲ್ಲಿಗೆ ಮಾರಿದ್ದು."

"ಮನೆಗೆ ತಂದು ಏನು ಮಾಡಿದ್ರಿ?"

"ಹೊದಿಕೆ ಬದಲಾಯಿಸ್ದೆ. ಹಿಂದೆ ಕಮಾನು ಹಾಕಿಸ್ದೆ. ಎಂಜಿನ್ ಮುಟ್ಟಿಲ್ಲ. ಅವನು ಪ್ರಮಾಣ ಮಾಡಿ ಸರಿ ಇದೆ ಅಂದ ಗಾಡಿ ಅದು. ನಾನ್ಯಾರು ಮುಟ್ಟೋಕೆ?"

"ಕಮಾನು ಯಾಕೆ ಹಾಕ್ಸಿದ್ರಿ? ಅವರ ಜೀವ ಉಳಿಸಿದ್ದು ಅದೇ."

ಐಲ್ಸಾ ಮೊದಲ ಸಲ ತಡವರಿಸಿದಳು. "ಕಮಾನಿಲ್ಲದ ಗಾಡಿ ಕ್ಲಬ್ಬಿನ ಗುಡ್ಡ ಹತ್ತಬಾರದು ಅಂತ ನಿಯಮ. ಬ್ರಾಯರ್ ಹೋದ್ಮೇಲೆ ಜಗಳ ಆಡಿ ಆ ನಿಯಮ ತಂದೋಳು ನಾನು. ಅದನ್ನ ನಾನೇ ಮುರಿಯೋಕೆ ಆಗ್ಲಿಲ್ಲ."

"ಅವರು ಸಾಯ್ಲಿ ಅಂತಿತ್ತಾ ಮನಸ್ಸಲ್ಲಿ?"

"ಇತ್ತು." ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಸಾಯ್ಲಿ, ಸಾಯೋಕೆ ಮುಂಚೆ ಆ ಕಟಕ್ ಅನ್ನೋ ಸದ್ದು ಕೇಳ್ಲಿ ಅಂತ. ಎಂಟು ತಿಂಗಳು ಅದನ್ನೇ ಹೊದ್ಕೊಂಡು ಮಲಗಿದೀನಿ. ಬದುಕಿದ ಅಂತ ಗೊತ್ತಾದಾಗ ಈ ಮೇಜು ಗುದ್ದಿ ಅತ್ತೆ." ಆಮೇಲೆ ಕೇಳಿದಳು. "ಏನಂದ ಅವನು? ಗಾಡಿ ಬಗ್ಗೆ?"

ಹೇಳಬೇಕಾದ ಅಗತ್ಯ ನೈರಿಗೆ ಇರಲಿಲ್ಲ. ಆದರೂ ಹೇಳಿದಳು.

"ಎಂಥ ಸವಾರ ಕೂತಿದ್ರೂ ಬೀಳೋನೇ, ಅಂದ್ರು. ಸಹಿ ಹಾಕಿದಾರೆ."

ಐಲ್ಸಾ ಎರಡೂ ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿದಳು.

"ಸತ್ತಿದ್ರೆ ಇದನ್ನ ಹೇಳೋಕೆ ಯಾರಿರ್ತಿದ್ರು?" ಎಂದಳು, ತನಗೇ ಎಂಬಂತೆ. "ಅಷ್ಟು ದಿನ ಲೆಕ್ಕ ಹಾಕಿದೆ. ಇದು ಮಾತ್ರ ಹೊಳೀಲೇ ಇಲ್ಲ."

ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ನೈರಿ ಆಕೆಯನ್ನು ಬಂಧಿಸಿದಳು. ಉದ್ದೇಶಪೂರ್ವಕವಾಗಿ ಪ್ರಾಣಾಪಾಯದ ಗಾಯ ಮಾಡಿದ ಆರೋಪ. ಬೇಡಿ ಹಾಕಲಿಲ್ಲ. ಪ್ಲಮ್‌ಳನ್ನು ಪಕ್ಕದ ತೋಟದವರಿಗೆ ಒಪ್ಪಿಸಿ, ಒಲೆ ಆರಿಸಿ, ಐಲ್ಸಾ ತಾನೇ ಬಾಗಿಲೆಳೆದುಕೊಂಡಳು. ಲೆಸ್ಟರ್ ಕ್ರೋಲ್ ಮೇಲೆ ಸುಳ್ಳು ಸಾಕ್ಷ್ಯದ ಬೇರೆ ಪ್ರಕರಣ ಅದೇ ವಾರ ದಾಖಲಾಯಿತು. ಬ್ರಾಯರ್ ಡೋವಿಯ ಸಾವಿನ ವಿಚಾರಣೆಯನ್ನು ಮತ್ತೆ ತೆರೆಯಬೇಕೆಂದು ನೈರಿ ಮೇಲಿನವರಿಗೆ ಬರೆದಳು.

ಠಾಣೆಯಲ್ಲಿ ಹೇಳಿಕೆ ಮುಗಿಯುತ್ತ ಬಂದಾಗ ಒಂದು ಪ್ರಶ್ನೆ ಉಳಿದಿತ್ತು.

"ಗಾಡಿ ಸಿಕ್ಕಿದ ದಿನವೇ ನಮ್ಮ ಹತ್ರ ತರಬಹುದಿತ್ತು ಐಲ್ಸಾ. ಬೇರಿಂಗ್ ಬಿಚ್ಚಿದ್ರೆ ಅವತ್ತೇ ಎಲ್ಲ ಗೊತ್ತಾಗ್ತಿತ್ತು. ಯಾಕೆ ತರಲಿಲ್ಲ?"

"ತರೋಕೇ ಹೊರಟಿದ್ದೆ." ಐಲ್ಸಾ ಕಿಟಕಿಯಾಚೆ ನೋಡಿದಳು. "ಟ್ರೈಲರಿಗೆ ಹಗ್ಗ ಬಿಗೀತಿದ್ದೆ. ಮಾರಿದ ರೈತ ಒಳ್ಳೆಯವನು, ಪಾಪ, ಸಹಾಯಕ್ಕೆ ಬಂದ. 'ಭಯ ಪಡಬೇಡಿ, ಒಳ್ಳೇ ಗಾಡಿ ಇದು' ಅಂದ. 'ಕ್ರೋಲ್ ನಂಗೆ ಮಾರೋವಾಗ ಹೇಳಿದ್ರು. ಇದನ್ನ ಒಬ್ಬಳೇ ಹುಡುಗಿ ಓಡಿಸಿದ್ದಂತೆ. ತುಂಬಾ ಜೋಪಾನದ ಹುಡುಗಿಯಂತೆ, ಒಂದು ದಿನಾನೂ ಅವಸರ ಮಾಡ್ದೋಳಲ್ಲವಂತೆ' ಅಂದ."

ಟೆವಿತಾ ಬರೆಯುವುದನ್ನು ನಿಲ್ಲಿಸಿದ.

"ಅವಳ ಹೆಣದ ಮೇಲೆ ನಿಂತು ಒರಟಿ ಅಂತ ಪ್ರಮಾಣ ಮಾಡ್ದ. ನನ್ನ ಮಗಳ ಬಗ್ಗೆ ಅವನು ನಿಜ ಹೇಳಿದ್ದು ಗಾಡಿ ಮಾರೋವಾಗ ಮಾತ್ರ" ಎಂದಳು ಐಲ್ಸಾ.